ಗಂಜಲದ ಘಾಟು ಮುಗಿಲು ದಾಟಿತು!

ಪುಷ್ಯ ಮಳೆ ಹಿಡಿದ ದಿನಗಳಲ್ಲಿ ನಮ್ಮ ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯ ಯಾವುದೇ ಕೊಟ್ಟಿಗೆಯ ಬಾಗಿಲನ್ನು ಬೆಳಗಿನ ಜಾವ ತೆರೆದು ನೋಡಿ. ರಾತ್ರಿಯಿಡೀ ಒಳಗೇ ಕಟ್ಟಿಕೊಂಡಿದ್ದ ಗಂಜಲದ ಘಾಟು ಮೂಗಿಗೆ ಚುರ್ ಎಂದು ಬಡಿದು, ಕಣ್ಣಲ್ಲಿ ನೀರು ತರಿಸಿ, ನಿಮ್ಮನ್ನು ದಾಟಿಕೊಂಡು ಹೊರಗೆ ಹೋಗುತ್ತದೆ. ಮೇಲುಗೊಬ್ಬರವಾಗಿ ಯೂರಿಯಾ ಎರಚಿದ ಗದ್ದೆಯ ಬದುವಿನಲ್ಲೂ ಅದೇ ಘಾಟು, ತುಸು ತೆಳುವಾಗಿ. ಅದರ ಹೆಸರು ಅಮೋನಿಯಾ. ಸಾರಜನಕದ ಒಂದು ಪರಮಾಣು, ಜಲಜನಕದ ಮೂರು, ಅಷ್ಟೇ.

ಹೊರಗೆ ಹೋಯಿತು ಅಂದೆನಲ್ಲ, ಎಲ್ಲಿಗೆ ಹೋಯಿತು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಕಂಡುಕೊಂಡದ್ದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿ ಒಂದಿಷ್ಟು ಹೋಗುವುದು ಮೋಡದ ಬುಡಕ್ಕಲ್ಲ, ಮೋಡದ ನೆತ್ತಿಗೆ. ಹದಿನೈದು, ಹದಿನಾರು ಕಿಲೋಮೀಟರ್ ಮೇಲಕ್ಕೆ! ಸಮುದ್ರಮಟ್ಟದಿಂದ ಅಳೆದರೆ ನಮ್ಮ ಮೇಲುಕೋಟೆ ಬೆಟ್ಟ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಂಥ ಹದಿನೈದು ಮೇಲುಕೋಟೆಗಳನ್ನು ಒಂದರ ಮೇಲೊಂದು ಪೇರಿಸಿ. ಅಥವಾ ಕೆ.ಆರ್. ಪೇಟೆಯಿಂದ ಕಿಕ್ಕೇರಿಗೆ ಹೋಗುವ ರಸ್ತೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ. ಅದರ ತುದಿಯಲ್ಲಿ ಸೊನ್ನೆಗಿಂತ 70, 80 ಡಿಗ್ರಿ ಕೆಳಗಿನ ಚಳಿ. ಅಲ್ಲಿ ಕೊಟ್ಟಿಗೆಗಳ, ಗದ್ದೆಗಳ ಗುರುತು ಸಿಕ್ಕಿದೆ.

ಕತೆಯ ಒಂದು ತುದಿ ಇರುವುದು ಗಾದಂಕಿಯಲ್ಲಿ. ತಿರುಪತಿಯ ಹತ್ತಿರದ ಹಳ್ಳಿ ಅದು. ಭೂಪಟದಲ್ಲಿ ಮಾಕವಳ್ಳಿಯಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಒಂದು ಡಿಗ್ರಿಯಷ್ಟು ಉತ್ತರಕ್ಕೆ ಸಿಗುತ್ತದೆ. ಅಂದರೆ ಮುಂಗಾರಿನಲ್ಲಿ ಅವರ ತಲೆಯ ಮೇಲೆ ಹಾಯುವ ಎತ್ತರದ ಗಾಳಿಯೇ ನಮ್ಮ ತಲೆಯ ಮೇಲೂ ಹಾಯುತ್ತದೆ. ಬಾಹ್ಯಾಕಾಶ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ ಅಲ್ಲಿದೆ. ಹಿಂದೆ ದೂರದರ್ಶನ ನೋಡಲು ಹೆಂಚಿನ ಮೇಲೆ ಕಟ್ಟುತ್ತಿದ್ದೆವಲ್ಲ, ಆ ಜಾತಿಯ ಯಾಗಿ ಆಂಟೆನಾಗಳನ್ನು ಸಾಲಿಗೆ 32ರಂತೆ 32 ಸಾಲು, ಒಟ್ಟು 1024 ಕಡೆ, ಗದ್ದೆಯಲ್ಲಿ ಪೈರು ನಾಟಿದ ಹಾಗೆ ನಾಟಿದ್ದಾರೆ. ಇದು ರೇಡಾರ್. ಆದರೆ ವಿಮಾನವನ್ನೋ ಮಳೆಯನ್ನೋ ಹುಡುಕುವುದಲ್ಲ. ಇದು ನೋಡುವುದು ಬರಿಯ ಗಾಳಿಯನ್ನು! ಮೋಡವಿಲ್ಲದ, ಧೂಳಿಲ್ಲದ, ಸ್ವಚ್ಛ ನೀಲಿ ಗಾಳಿಯನ್ನು. ಗಾಳಿಯೊಳಗೇ ಸುಮಾರು 2.8 ಮೀಟರ್ ಅಳತೆಯ ಏರುಪೇರುಗಳಿರುತ್ತವೆ, ಅದರ ರೇಡಿಯೋ ಅಲೆಯ ಅರ್ಧದಷ್ಟು. ಅವುಗಳಿಗೆ ತಾಗಿ ಒಂದಿಷ್ಟು ಪ್ರತಿಧ್ವನಿ ಮರಳಿ ಬರುತ್ತದೆ. ಆ ಪಿಸುಮಾತು ಕೇಳಿಸಿಕೊಂಡು, ಇಪ್ಪತ್ತು ಕಿಲೋಮೀಟರ್ ಎತ್ತರದವರೆಗೆ ಗಾಳಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಹೇಳುತ್ತಾರೆ.

ಅಲ್ಲಿ ಕಾಣುವುದೇನು? ಮುಂಗಾರಿನಲ್ಲಿ ನಮ್ಮ ಕಬ್ಬಿನ ಗರಿಗಳೆಲ್ಲ ಪಡುವಣ ಗಾಳಿಗೆ ಪೂರ್ವಕ್ಕೆ ಬಾಗಿರುತ್ತವೆ. ಅದೇ ಹೊತ್ತಿನಲ್ಲಿ, ಅದೇ ಕಬ್ಬಿನ ನೇರ ಮೇಲೆ, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ಗಾಳಿಹೊಳೆ ಮೂಡಲಿಂದ ಪಡುವಲಿಗೆ ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ನುಗ್ಗುತ್ತಿರುತ್ತದೆ! ಎಲೆ ಅಲುಗುವುದಿಲ್ಲ, ಸದ್ದು ಕೇಳುವುದಿಲ್ಲ. ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದನ್ನು ಲೋಕಕ್ಕೆ ವಿವರಿಸಿದರು. ಟಿಬೆಟ್ಟಿನ ಸುತ್ತ ಮಳೆಗಾಲವಿಡೀ ಸುತ್ತುವ ಒಂದು ಮಹಾ ಗಾಳಿಚಕ್ರವಿದೆ. ನಮ್ಮ ಮೇಲಿನ ಈ ಹೊಳೆ ಆ ಚಕ್ರದ ದಕ್ಷಿಣದ ಅಂಚು.

ಈ ಚಕ್ರದೊಳಗೇ ಅಚ್ಚರಿ ಕುಳಿತಿತ್ತು. 2006ರಲ್ಲಿ ಹಾರಿದ ಕ್ಯಾಲಿಪ್ಸೋ ಉಪಗ್ರಹ ಮೇಲಿನಿಂದ ಲೇಸರ್ ಬೆಳಕು ಚೆಲ್ಲಿ ಭೂಮಿಯ ಗಾಳಿಯನ್ನು ಪದರ ಪದರವಾಗಿ ನೋಡುತ್ತಿತ್ತು. ಅದರ ದಾಖಲೆಗಳನ್ನು ಜಾಲಾಡಿದ ಜಾನ್ ಪಾಲ್ ವೆರ್ನಿಯೇ ಮತ್ತು ಸಂಗಡಿಗರು 2011ರಲ್ಲಿ ಒಂದು ಸುದ್ದಿ ಹೇಳಿದರು. ಪ್ರತಿ ಮಳೆಗಾಲದಲ್ಲೂ 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ, ಮೆಡಿಟರೇನಿಯನ್ನಿನ ಪೂರ್ವದಿಂದ ಚೀನಾದ ಪಶ್ಚಿಮದವರೆಗೆ, ಅತಿಸೂಕ್ಷ್ಮ ಕಣಗಳ ಒಂದು ಚಾದರ ಹರಡಿಕೊಳ್ಳುತ್ತದೆ. ಮಳೆ ಹೋದರೆ ಅದೂ ಹೋಗುತ್ತದೆ. ಅಷ್ಟು ದೊಡ್ಡ ಚಾದರ ನಮ್ಮ ಮೇಲೆಯೇ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ!

ಯಾವುದರಿಂದ ನೇಯ್ದ ಚಾದರ? ಕಲ್ಲಿದ್ದಲ ಹೊಗೆಯ ಗಂಧಕ ಇರಬೇಕು ಎಂಬುದು ಮೇಲ್ನೋಟದ ಊಹೆ. ತಿಳಿಯಬೇಕಾದರೆ ಹೋಗಿ ಮುಟ್ಟಬೇಕು. 2014ರಿಂದ ನಾಸಾ, ಇಸ್ರೋ, ಗಾದಂಕಿಯವರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಬಲೂನ್ ಕೇಂದ್ರದವರು ಸೇರಿ ಮಳೆಗಾಲದಲ್ಲಿ ಬಲೂನುಗಳನ್ನು ಹಾರಿಸತೊಡಗಿದರು. ಗಾದಂಕಿಯಿಂದ ಏರಿದವುಗಳಲ್ಲಿ ಒಂದು ಉಪಕರಣ ನನಗೆ ಬಹಳ ಪ್ರೀತಿಯದು. ಅರ್ಧ ಕಿಲೋದಷ್ಟು ತೂಗುವ ಪುಟ್ಟ ಪೆಟ್ಟಿಗೆ, ಎರಡು ಬಣ್ಣದ ಬೆಳಕು ಬಿಡುತ್ತದೆ. ಕಣಕ್ಕೆ ತಾಗಿ ಹಿಂದಕ್ಕೆ ಬಂದ ಬೆಳಕನ್ನು ಅಳೆಯುತ್ತದೆ. ಹಗಲಲ್ಲಿ ಬಿಸಿಲೇ ಕಣ್ಣು ಕಟ್ಟುವುದರಿಂದ ರಾತ್ರಿಯಲ್ಲೇ ಹಾರಿಸಬೇಕು. ನಡುರಾತ್ರಿ, ಆಗಸ್ಟಿನ ಮೋಡಗಳ ನಡುವೆ, ಬಲೂನಿಗೆ ತೂಗುಬಿದ್ದ ಒಂದು ಬ್ಯಾಟರಿ ದೀಪ ಒಂಟಿಯಾಗಿ ಏರುತ್ತಾ ಏರುತ್ತಾ, ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬಲೂನು ಒಡೆಯುವ ತನಕ ಕತ್ತಲನ್ನು ತಡಕುತ್ತಾ ಹೋಗುವುದನ್ನು ಕಣ್ಣಿಗೆ ತಂದುಕೊಳ್ಳಿ.

ಹೈದರಾಬಾದಿನಿಂದ 2017ರಲ್ಲಿ ಏರಿದ ದೊಡ್ಡ ಬಲೂನುಗಳು ಶೋಧಕ ಕಾಗದದ ಮೇಲೆ ಆ ಕಣಗಳನ್ನು ಹಿಡಿದು ತಂದವು. ಪ್ರಯೋಗಾಲಯದಲ್ಲಿ ತೊಳೆದು ನೋಡಿದರೆ ಗಂಧಕದ ಸಲ್ಫೇಟ್ ಅಳತೆಗೆ ಸಿಗುವಷ್ಟೂ ಇಲ್ಲ. ಸಿಕ್ಕಿದ್ದು ನೈಟ್ರೇಟ್! ಅದೇ ಮಳೆಗಾಲದಲ್ಲಿ ಕಠ್ಮಂಡುವಿನಿಂದ ಹಾರಿದ ಜಿಯೋಫಿಸಿಕಾ ಎಂಬ ಎತ್ತರದ ವಿಮಾನ ಅವಕೆಂಪು ಕಣ್ಣಿನಿಂದ ನೋಡಿ ಮತ್ತೂ ಸ್ಪಷ್ಟ ಗುರುತು ತಂದಿತು: ಅಮೋನಿಯಂ ನೈಟ್ರೇಟ್. 2019ರಲ್ಲಿ ಮೈಕೆಲ್ ಹೋಪ್ಫ್ನರ್ ತಂಡ ಇದನ್ನು ಪ್ರಕಟಿಸಿತು. 1997ರ ಆಗಸ್ಟಿನಲ್ಲಿ ಬಾಹ್ಯಾಕಾಶ ನೌಕೆಯೊಂದರಿಂದ ತೆಗೆದ ಹಳೆಯ ದಾಖಲೆಗಳನ್ನು ತೆರೆದರೆ ಅಲ್ಲೂ ಅದೇ ಸಹಿ. ಇಪ್ಪತ್ತೆರಡು ವರ್ಷ ಕಡತದಲ್ಲೇ ಇದ್ದು, ಯಾರಾದರೂ ಓದಲಿ ಎಂದು ಕಾದಿತ್ತು.

ಅಮೋನಿಯಾ ಅಲ್ಲಿಗೆ ಹತ್ತಿದ್ದೇ ದೊಡ್ಡ ಒಗಟು. ಅದಕ್ಕೆ ನೀರೆಂದರೆ ಪ್ರಾಣ, ಹನಿ ಕಂಡರೆ ಕರಗಿಬಿಡುತ್ತದೆ. ಮಳೆಮೋಡದೊಳಗೆ ಹೊಕ್ಕ ಮೇಲೆ ಮಳೆಯ ಜೊತೆ ನೆಲಕ್ಕೇ ಇಳಿಯಬೇಕಿತ್ತು. ಆದರೆ ಗುಡುಗುಮೋಡ ಹನಿಗಳನ್ನು ಎತ್ತಿಕೊಂಡು ಏರುತ್ತದೆ, ಏರಿದಂತೆ ಹನಿ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಮಂಜು ತಾನು ನುಂಗಿದ್ದ ಅಮೋನಿಯಾವನ್ನು ಉಗುಳಿಬಿಡುತ್ತದೆ! ಹೀಗೆ ಮೋಡದ ನೆತ್ತಿಯಲ್ಲಿ ಬಿಡುಗಡೆಯಾದ ಅದಕ್ಕೆ ಜೊತೆಯಾಗುವುದು ನೈಟ್ರಿಕ್ ಆಮ್ಲ. ಆ ಎತ್ತರದಲ್ಲಿ ಆಮ್ಲ ಎಲ್ಲಿಂದ ಬಂತು? ಬಹುಪಾಲು ಮಿಂಚಿನಿಂದ. ಮಿಂಚಿನ ಕಾವಿಗೆ ಗಾಳಿಯ ಸಾರಜನಕವೂ ಆಮ್ಲಜನಕವೂ ಸೇರಿ ಅದರ ಮೂಲವಸ್ತು ಹುಟ್ಟುತ್ತದೆ. ಜಿನೀವಾದ ಸರ್ನ್ ಸಂಸ್ಥೆಯ ‘ಕ್ಲೌಡ್’ ಎಂಬ ಉಕ್ಕಿನ ಕೋಣೆಯಲ್ಲಿ ಎತ್ತರದ ಗಾಳಿಯಂಥ ಕಡುಚಳಿ ತಂದು, ಅಮೋನಿಯಾ, ನೈಟ್ರಿಕ್ ಆಮ್ಲ, ಚೂರು ಗಂಧಕಾಮ್ಲ ಬಿಟ್ಟು ನೋಡಿದರು. ಕಣಗಳು ಭರಭರನೆ ಹುಟ್ಟಿದವು. 2022ರಲ್ಲಿ ಆ ವರದಿ ಬಂತು.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ಅಮೋನಿಯಂ ನೈಟ್ರೇಟ್ ಅಂದರೆ ಏನು? ಗೊಬ್ಬರ! ಜಗತ್ತಿನ ಎಷ್ಟೋ ದೇಶಗಳ ರೈತರು ಹೊಲಕ್ಕೆ ಹಾಕುವ ಗೊಬ್ಬರ. ನೆಲದ ಘಾಟನ್ನು ಮೋಡ ಹೊತ್ತು, ಮಂಜು ಸೋಸಿ, ಮಿಂಚು ಹದ ಮಾಡಿ, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಮತ್ತೆ ಗೊಬ್ಬರದ ಹರಳಾಗಿಸುತ್ತಿದೆ. ಆ ಎತ್ತರದ ಗಾಳಿಯ ಲಕ್ಷ ಕೋಟಿ ಅಣುಗಳಲ್ಲಿ ಅಮೋನಿಯಾದವು ಸರಾಸರಿ ಸುಮಾರು 30. ಅಷ್ಟರಲ್ಲೇ ಇಷ್ಟು!

ಇದನ್ನು ಮಾಕವಳ್ಳಿಯ ಬದುವಿನ ಮೇಲೆ ಯೂರಿಯಾ ಬುಟ್ಟಿ ಇಳಿಸಿ ಕೂತಿದ್ದ ಹಿರಿಯರೊಬ್ಬರಿಗೆ ಹೇಳಿದೆ. ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಮೇಲೆ ನೋಡಿದರು. “ಅಲ್ಲ ಕಣಪ್ಪ, ನಾ ಎರಚಿದ ಗೊಬ್ರ ಅಷ್ಟ್ ಮ್ಯಾಕೆ ಓಯ್ತದಾ?”

ಹೆಚ್ಚಿನ ಪಾಲು ಉತ್ತರದ ಗಂಗಾ ಬಯಲು, ಪಂಜಾಬು, ಅದರಾಚೆಯ ಗದ್ದೆಗಳಿಂದ ಏರುತ್ತದೆ ಎನ್ನುತ್ತಾರೆ ಅಜ್ಜ, ಅಂದೆ. ಗೋಧಿ, ಭತ್ತ, ಎಮ್ಮೆ, ಹಸು ಎಲ್ಲ ಅಲ್ಲಿ ದಟ್ಟ. ಆ ಗಾಳಿ ಟಿಬೆಟ್ಟಿನ ಚಕ್ರ ಹತ್ತಿ ಸುತ್ತುತ್ತಾ ದಕ್ಷಿಣದ ಅಂಚಿಗೆ ಬಂದಾಗ ನಮ್ಮ ಗದ್ದೆಯ ಮೇಲೆ ಹಾಯುತ್ತದೆ.

“ಹಂಗಾದ್ರೆ ಅವ್ರ ಹಟ್ಟಿ ವಾಸ್ನೆ ನಮ್ ನೆತ್ತಿ ಮ್ಯಾಲೈತೆ ಅನ್ನು,” ಎಂದು ಅವರು ನಕ್ಕರು.

ಅವರಿಗೆ ಹೇಳಲು ಇನ್ನೊಂದು ಉಳಿದಿತ್ತು. ಆ ಗೊಬ್ಬರದ ಹರಳುಗಳು ಗಟ್ಟಿಯಾದವು, ಕೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಸಣ್ಣವು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಒಂದು ದೊಡ್ಡ ಮೋಡದ ಕೋಣೆಯಿದೆ. ಅಲ್ಲಿ ಇವನ್ನು ತಂಪಿನಲ್ಲಿ ತೇಲಿಬಿಟ್ಟಾಗ ಅವುಗಳ ಸುತ್ತ ಮಂಜು ಕಟ್ಟಿತು, ಮರುಭೂಮಿಯ ಧೂಳಿನ ಸುತ್ತ ಕಟ್ಟುವಷ್ಟೇ ಸಲೀಸಾಗಿ. ಅಂದರೆ ಅವು ಮಂಜಿನ ಬೀಜಗಳು. ಅರಳೆ ಎಳೆದ ಹಾಗೆ ಆಕಾಶದಲ್ಲಿ ಕಾಣುವ ಅತಿ ಎತ್ತರದ ಮಂಜಿನ ಮೋಡಕ್ಕೆ ಬಿತ್ತನೆ ಮಾಡಬಲ್ಲವು.

ಆ ಸಂಜೆ ಮಳೆ ಹೊಳವಾಯಿತು. ಸಕ್ಕರೆ ಕಾರ್ಖಾನೆಯ ದೀಪಗಳ ಆಚೆ ಚಂದ್ರ ಮೇಲೆ ಬಂದ. ಅವನ ಸುತ್ತ ಅಗಲವಾದ, ಮಸುಕಾದ ಬೆಳಕಿನ ಬಳೆ. ಎತ್ತರದ ಮಂಜಿನ ಹರಳುಗಳಲ್ಲಿ ಬೆಳಕು ಬಾಗಿದಾಗ ಮೂಡುವ ಬಳೆ ಅದು. ಆ ಹರಳುಗಳಲ್ಲಿ ಯಾವುದೋ ಒಂದರ ಒಡಲಲ್ಲಿ, ಎಲ್ಲಿಯದೋ ಹಸುವಿನ ಗಂಜಲ, ಯಾವತ್ತಿನದೋ ಮಿಂಚು ಇರಬಹುದೇ? ಅಜ್ಜ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಹಳ ಹೊತ್ತು ಆ ಬಳೆಯನ್ನೇ ನೋಡುತ್ತಿದ್ದರು. ಹಿಂದೆ ಕೊಟ್ಟಿಗೆಯಲ್ಲಿ ಹಸು ಒಮ್ಮೆ ಅಂಬಾ ಎಂದಿತು.