ಅಮ್ಮನ ಮಾತ್ರೆ, ನಾಯಿಯ ಹೊಲಿಗೆ

ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯೋ ತಂದೆಯೋ ಇರುವಾಗಲೇ ನಾಯಿಗೂ ಆಪರೇಷನ್ ಆಗಬೇಕಾಗಿ ಬಂದರೆ ಸಲಹೆಗಳಿಗೆ ಬರವಿಲ್ಲ. ನೆಂಟರು, ಎದುರುಮನೆಯವರು, ಮೆಡಿಕಲ್ ಶಾಪಿನ ಹುಡುಗ, ವಾಟ್ಸ್‌ಆ್ಯಪ್ ಗುಂಪು, ಎಲ್ಲರಿಗೂ ಏನಾದರೊಂದು ಗೊತ್ತಿರುತ್ತದೆ. ಹೆಣ್ಣು ನಾಯಿಗೆ ಬರುವ ಪಯೊಮೆಟ್ರಾವನ್ನೇ ನೋಡಿ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಇದು. ಸಾಮಾನ್ಯವಾಗಿ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಅಮ್ಮ ಸುಧಾರಿಸಿಕೊಳ್ಳಲಿ ಎಂದು ಕಾಯುವಂತಿಲ್ಲ. ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ನಂಬುವವರಲ್ಲಿ ನಾವೂ ಇದ್ದೆವು.

ತಪ್ಪು ಕಲ್ಪನೆ: ನಾಯಿ ತನ್ನ ಗಾಯವನ್ನು ತಾನೇ ನೆಕ್ಕಿ ವಾಸಿ ಮಾಡಿಕೊಳ್ಳುತ್ತದೆ, ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕುವುದು ಹಿಂಸೆ.

ವಾಸ್ತವ: ಎಂಜಲಿನಲ್ಲಿ ರೋಗಾಣು ತಡೆಯುವ ಗುಣ ಅಲ್ಪಸ್ವಲ್ಪ ಇರುವುದು ನಿಜ. ಅದೇ ಬಾಯಲ್ಲಿ ರೋಗಾಣುಗಳೂ ಧಾರಾಳವಾಗಿವೆ. ದಾರದ ತುದಿ ಹಲ್ಲಿಗೆ ಸಿಕ್ಕಿದರೆ ಹೊಟ್ಟೆಯ ಹೊಲಿಗೆ ಬಿಚ್ಚಿಹೋಗಲು ಹೆಚ್ಚು ಹೊತ್ತು ಬೇಡ. ಚರ್ಮದ ಹೊಲಿಗೆ ತೆಗೆಯುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಕೋನ್ ಇರಲೇಬೇಕು, ನಾವು ನಿದ್ದೆ ಮಾಡುವಾಗಲಂತೂ ತಪ್ಪದೆ. ಆದರೆ ಕೋನ್ ಹಾಕಿದ ನಾಯಿಗೆ ಅಕ್ಕಪಕ್ಕ ಕಾಣದು. ಬಾಗಿಲಿಗೆ, ಕುರ್ಚಿಯ ಕಾಲಿಗೆ, ಅಮ್ಮನ ವಾಕರಿಗೆ ಢಿಕ್ಕಿ ಹೊಡೆಯುತ್ತದೆ. ನಾಯಿಯ ಹೊಲಿಗೆ ಮತ್ತೆ ಹಾಕಬಹುದು. ಎಂಬತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಅದು ಬೇರೆಯೇ ಕಥೆ. ಅಮ್ಮ ಬಚ್ಚಲಿಗೆ ಏಳುವ ಹೊತ್ತಿಗೆ ನಾಯಿ ಬೇರೆ ಕೋಣೆಯಲ್ಲಿರಲಿ.

ತಪ್ಪು ಕಲ್ಪನೆ: ನೋವು ಯಾರಿಗಾದರೂ ಒಂದೇ, ಅಮ್ಮನ ನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟರೆ ನಾಯಿಗೂ ಆಗುತ್ತದೆ.

ವಾಸ್ತವ: ಇಲ್ಲಿ ಹೇಳುತ್ತಿರುವುದರಲ್ಲೆಲ್ಲ ಜೀವ ತೆಗೆಯುವ ನಂಬಿಕೆ ಇದೇ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಪಿತ್ತಜನಕಾಂಗಕ್ಕೆ ಕುತ್ತು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಆ ದನಗಳ ಹೆಣ ತಿಂದ ರಣಹದ್ದುಗಳನ್ನು ಸಾಲುಸಾಲಾಗಿ ಕೊಂದಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ಸರ್ಕಾರ ನಿಷೇಧಿಸಬೇಕಾಯಿತು. ಒಂದು ಜೀವಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮದ್ದಾಗಬೇಕೆಂದಿಲ್ಲ.

ನಾವು ಕೊಡದಿದ್ದರೂ ಮಾತ್ರೆ ನಾಯಿಗೆ ತಲುಪುವುದುಂಟು. ಅಮ್ಮನ ಕೈ ನಡುಗುತ್ತದೆ, ಬಿ.ಪಿ. ಮಾತ್ರೆ ಬೆರಳ ಸಂದಿಯಿಂದ ಜಾರಿ ಮಂಚದ ಕೆಳಗೆ ಉರುಳುತ್ತದೆ, ಅದು ನಿಲ್ಲುವ ಮೊದಲೇ ನಾಯಿ ನೆಕ್ಕಿಬಿಟ್ಟಿರುತ್ತದೆ. ಚಿಕ್ಕ ನಾಯಿಯ ರಕ್ತದೊತ್ತಡ ಕುಸಿಯಲು ಅಷ್ಟು ಸಾಕು. ಇನ್ನೊಂದು ಪೇಚು: ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಇಬ್ಬರಿಗೂ ಬರೆದುಕೊಟ್ಟಿರಬಹುದು, ಸ್ಟ್ರಿಪ್ ನೋಡಲು ಒಂದೇ ಥರ, ಪ್ರಮಾಣ ಮಾತ್ರ ಬೇರೆ. ಎರಡು ಡಬ್ಬಿ, ಎರಡು ಕಪಾಟು, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹೆಸರು. ಅಮ್ಮನಿಗೆ ಮಾತ್ರೆ ಕೊಡುವವರು ಅವರು ನುಂಗುವವರೆಗೂ ಪಕ್ಕದಲ್ಲೇ ಇರಬೇಕು.

ತಪ್ಪು ಕಲ್ಪನೆ: ಬೇಳೆ, ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ ನಂಜು, ತಿಂದರೆ ಗಾಯ ಕೀವಾಗುತ್ತದೆ. ರೋಗಿಗಾಗಲಿ ನಾಯಿಗಾಗಲಿ ಬರೀ ಗಂಜಿಯೇ ಸರಿ.

ವಾಸ್ತವ: ಕೀವು ರೋಗಾಣುವಿನಿಂದ ಬರುತ್ತದೆ, ಬದನೆಕಾಯಿಯಿಂದಲ್ಲ. ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕು. ಅಮ್ಮನಿಗೆ ಮೂತ್ರಪಿಂಡದ ತೊಂದರೆಯಿದ್ದರೆ ಎಷ್ಟು ಎಂಬುದನ್ನು ಅವರ ಡಾಕ್ಟರು ಹೇಳುತ್ತಾರೆ. ನಾಯಿಗೆ ಮೊದಲ ರಾತ್ರಿ ಸ್ವಲ್ಪ ಸ್ವಲ್ಪವೇ ಕೊಟ್ಟು, ಅರಿವಳಿಕೆ ಪೂರ್ತಿ ಇಳಿದ ಮೇಲೆ ಬೇಯಿಸಿದ ಮೊಟ್ಟೆಯನ್ನೋ ಉಪ್ಪುಖಾರವಿಲ್ಲದ ಕೋಳಿಯನ್ನೋ ಧೈರ್ಯವಾಗಿ ಹಾಕಬಹುದು.

ನಾಯಿಗೆ ನಿಜವಾಗಿಯೂ ಆಗಬಾರದ ಪದಾರ್ಥಗಳ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ. ಅಮ್ಮನಿಗೆ ಮಾಡಿದ ಬೆಳ್ಳುಳ್ಳಿ ಒಗ್ಗರಣೆಯ ಸಾರು ಮಿಕ್ಕಿತೆಂದು ನಾಯಿಯ ಅನ್ನಕ್ಕೆ ಕಲಸಬೇಡಿ. ಸಕ್ಕರೆ ಕಾಯಿಲೆಯವರ ಸಿಹಿತಿಂಡಿಯಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಗೆ ಅದು ಶುದ್ಧ ವಿಷ.

ತಪ್ಪು ಕಲ್ಪನೆ: ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಲಿಗೆ ಬೇಗ ಒಣಗುತ್ತದೆ.

ವಾಸ್ತವ: ಎಣ್ಣೆ ಹಚ್ಚಿದ್ದು ಒಣಗುವುದು ಹೇಗೆ? ಅದರ ವಾಸನೆಗೆ ನಾಯಿ ಇನ್ನಷ್ಟು ನೆಕ್ಕುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಮೂಗು ಒಣಗಿ ಬಿಸಿಯಾಗಿದ್ದರೆ ಜ್ವರ.

ವಾಸ್ತವ: ಮೂಗು ದಿನಕ್ಕೆ ಹಲವು ಸಲ ಒಣಗುತ್ತದೆ, ಒದ್ದೆಯಾಗುತ್ತದೆ. ಅಮ್ಮನಿಗೆ 101 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಜ್ವರ. ನಾಯಿಗೆ ಅದು ಆರೋಗ್ಯ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5. ಅಳೆಯಬೇಕಾದದ್ದು ಗುದದಲ್ಲಿ ಇಡುವ ಥರ್ಮಾಮೀಟರಿನಿಂದ, ಅದೂ ನಾಯಿಗೆಂದೇ ಬೇರೆ ತಂದಿಟ್ಟದ್ದರಿಂದ.

ತಪ್ಪು ಕಲ್ಪನೆ: ಕಾಯಿಲೆಯವರಿರುವ ಮನೆಯಲ್ಲಿ ನಾಯಿ ರಾತ್ರಿ ಊಳಿಟ್ಟರೆ ಸಾವು ಬರುತ್ತದೆ. ಇಲ್ಲವೇ, ಅಮ್ಮನಿಗಿದ್ದ ಗಂಡಾಂತರವನ್ನು ನಾಯಿ ತನ್ನ ಮೇಲೆ ಎಳೆದುಕೊಂಡಿದೆ.

ವಾಸ್ತವ: ಹಗಲಲ್ಲಿ ಇದನ್ನು ನಕ್ಕು ತಳ್ಳಿಹಾಕಬಹುದು. ರಾತ್ರಿ ಎರಡು ಗಂಟೆಗೆ, ಪಕ್ಕದ ಕೋಣೆಯಲ್ಲಿ ಅಮ್ಮ ಕಣ್ಣು ಬಿಟ್ಟು ಮಲಗಿ ಆ ದನಿ ಕೇಳಿಸಿಕೊಳ್ಳುತ್ತಿರುವಾಗ ನಗು ಬರುವುದಿಲ್ಲ. ಆದ್ದರಿಂದ ಕಾರಣ ಗೊತ್ತಿರಬೇಕು. ಅರಿವಳಿಕೆ ಇಳಿಯುವಾಗ ನಾಯಿಗೆ ದಿಕ್ಕು ತಿಳಿಯುವುದಿಲ್ಲ. ಕೊರಗುತ್ತದೆ, ನಡುಗುತ್ತದೆ, ಊಳಿಡುತ್ತದೆ. ನೋವು, ಕಟ್ಟಿದ ಮೂತ್ರ, ಒಂಟಿತನ ಇವೂ ಕಾರಣ. ನಾಯಿ ಊಳಿಟ್ಟೂ ಏನೂ ಆಗದ ರಾತ್ರಿಗಳನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಏನಾದರೂ ಆದ ಒಂದು ರಾತ್ರಿಯನ್ನು ಮಾತ್ರ ತಲೆಮಾರುಗಟ್ಟಲೆ ಹೇಳಿಕೊಂಡು ಬಂದೆವು.

ಗಂಡಾಂತರದ ಮಾತಿನಲ್ಲಿ ನಾಯಿಯ ಮೇಲಿನ ಪ್ರೀತಿ ಇದೆ, ಒಪ್ಪೋಣ. ಆದರೆ ಪಯೊಮೆಟ್ರಾ ಸಾಮಾನ್ಯವಾಗಿ ಬೆದೆ ಮುಗಿದ ಕೆಲವು ವಾರಗಳಲ್ಲಿ, ಸಂತಾನಹರಣ ಆಗದ ಹೆಣ್ಣುನಾಯಿಗೆ, ಹಾರ್ಮೋನಿನ ಪ್ರಭಾವದಿಂದ ಬರುವಂಥದ್ದು. ಅದು ಅಮ್ಮನ ಜಾತಕ ಓದಿ ಬರುವುದಿಲ್ಲ. ಗಂಡಾಂತರವನ್ನು ನಾಯಿಯೇ ಹೊತ್ತುಕೊಂಡು ಹೋಗಲಿ ಎಂದು ಚಿಕಿತ್ಸೆಯನ್ನೇ ಬಿಡುವವರಿದ್ದಾರೆ. ಆ ಮಟ್ಟಕ್ಕೆ ಹೋದರೆ ಅದು ನಂಬಿಕೆಯಲ್ಲ, ಕ್ರೌರ್ಯ.

ತಪ್ಪು ಕಲ್ಪನೆ: ನಾಯಿಯ ಗಾಯ ಅಮ್ಮನಿಗೆ ಅಂಟುತ್ತದೆ, ವಾಸಿಯಾಗುವವರೆಗೆ ಹೊರಗೆ ಕಟ್ಟಬೇಕು.

ವಾಸ್ತವ: ಆಪರೇಷನ್ನಿನ ಗಾಯ ಅಂಟುಜಾಡ್ಯವಲ್ಲ. ಹೊರಗೆ ಕಟ್ಟಿದರೆ ನೊಣ ಕೂತು ಹುಳ ಬೀಳುತ್ತದೆ. ಅರ್ಧ ಸತ್ಯ ಇಷ್ಟು: ಸಕ್ಕರೆ ಕಾಯಿಲೆ ಇರುವವರ, ಕೀಮೋಥೆರಪಿ ಪಡೆಯುತ್ತಿರುವವರ ತೆರೆದ ಗಾಯವನ್ನು, ಹಾಸಿಗೆಹುಣ್ಣನ್ನು ನಾಯಿ ನೆಕ್ಕಬಾರದು. ನಾಯಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದೇ ಅಮ್ಮನ ಡ್ರೆಸ್ಸಿಂಗ್ ಮುಟ್ಟಬೇಕು.

ತಪ್ಪು ಕಲ್ಪನೆ: ಹೆತ್ತವರ ಸೇವೆಯ ಹೊತ್ತಿನಲ್ಲಿ ನಾಯಿಗೆ ಸಮಯ, ದುಡ್ಡು ಸುರಿಯುವುದು ಅಧರ್ಮ.

ವಾಸ್ತವ: ಹೀಗೆನ್ನುವವರು ಒಂದು ರಾತ್ರಿ ಬಂದು ಕೂತದ್ದನ್ನು ಕಂಡವರು ಕಡಿಮೆ. ಹೆತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು 2007ರ ಕಾಯ್ದೆ ಮಕ್ಕಳಿಗೆ ವಹಿಸುತ್ತದೆ. ಸಾಕಿದ ಪ್ರಾಣಿಯ ಯೋಗಕ್ಷೇಮದ ಹೊಣೆಯನ್ನು 1960ರ ಕಾಯ್ದೆ ಸಾಕಿದವರಿಗೆ ವಹಿಸುತ್ತದೆ. ಒಂದು ಇನ್ನೊಂದನ್ನು ಮನ್ನಾ ಮಾಡುವುದಿಲ್ಲ. ಖಾಸಗಿ ಕ್ಲಿನಿಕ್ಕಿನ ಖರ್ಚು ಹೆಚ್ಚಾದರೆ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನ ಪಶುವೈದ್ಯಕೀಯ ಕಾಲೇಜುಗಳಿವೆ.

ನಾಯಿಯ ಒಸಡು ಬೆಳ್ಳಗಾದರೆ, ಹೊಲಿಗೆಯಿಂದ ರಕ್ತವೋ ಕೆಟ್ಟ ವಾಸನೆಯ ನೀರೋ ಬಂದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ದಿನ ಪೂರ್ತಿ ಮೂತ್ರ ಮಾಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೊರಡಿ, ಹೊರಡುವ ಮುಂಚೆ ಸಂಕೋಚ ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿ, ಅಮ್ಮನ ಹತ್ತಿರ ಒಬ್ಬರನ್ನು ಕೂರಿಸಿ.