ತಂತಿಯನ್ನೊತ್ತುವ ಬೆರಳು

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫ ಸಾಹೇಬರ ತತ್ವಪದಗಳನ್ನು ಹಾಡುವವರ ಕೈಯಲ್ಲಿ ತಂಬೂರಿಯನ್ನು ಕಾಣುವೆವು. ಅದರ ತಂತಿಗಳನ್ನು ಮೀಟಿದರೆ ಸಾಕು, ಒತ್ತಬೇಕಾಗಿಲ್ಲ. ಗಿಟಾರಿನಲ್ಲಿ ಹಾಗಲ್ಲ. ಹಾನಗಲ್ಲಿನಲ್ಲಾಗಲಿ ಸವಣೂರಿನಲ್ಲಾಗಲಿ ಈ ವಾದ್ಯವನ್ನು ಕಲಿಯತೊಡಗಿದ ವಿದ್ಯಾರ್ಥಿಯು ‘ಎಫ್’ ಎಂಬ ಸ್ವರಮೇಳದ ಬಳಿ ತಡೆದು ನಿಲ್ಲುವನು. ತೋರುಬೆರಳೊಂದನ್ನೇ ಆರು ತಂತಿಗಳ ಮೇಲೂ ಅಡ್ಡಲಾಗಿಟ್ಟು ಹಿಡಿಯುವ ಇಂಥ ಮೇಳಕ್ಕೆ ಬಾರ್ ಕಾರ್ಡ್ ಎಂದು ಹೆಸರು. ಮಣಿಕಟ್ಟು ನೋಯುವುದು, ತಂತಿ ಗರಗರ ಎನ್ನುವುದು. ‘ನನ್ನ ಬೆರಳಿಗೆ ಬಲವಿಲ್ಲ’ ಎಂದು ವಾದ್ಯವನ್ನು ಮೂಲೆಗಿಡುವವರೂ ಉಂಟು. ಆದರೆ ಕೊರತೆಯು ಸಾಮಾನ್ಯವಾಗಿ ಬಲದ್ದಲ್ಲ, ಅದನ್ನು ಪ್ರಯೋಗಿಸುವ ಸ್ಥಾನದ್ದು.

ಹಿರೇಕೆರೂರಿನ ಹೊಲದಲ್ಲಿ ಜೋಡೆತ್ತು ಹೂಡಿದುದನ್ನು ನೆನೆಯಿರಿ. ನೊಗದ ನಡುವಿನ ಕಟ್ಟನ್ನು ಒಂದು ಎತ್ತಿನ ಕಡೆಗೆ ಸರಿಸಿದರೆ ಎಳೆತದ ಹೆಚ್ಚು ಪಾಲು ಆ ಎತ್ತಿಗೇ ಬೀಳುವುದು. ತಂತಿಯಲ್ಲಿಯೂ ಹೀಗೆಯೇ. ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳನ್ನು, ವೀಣೆಯಲ್ಲಿರುವಂತೆ, ಮೆಟ್ಟಿಲುಗಳೆನ್ನೋಣ. ಎರಡು ಮೆಟ್ಟಿಲುಗಳ ನಡುಮಧ್ಯದಲ್ಲಿ ಒತ್ತಿದರೆ ಬಲವು ಎರಡು ಕಡೆಗೂ ಹಂಚಿಹೋಗುವುದು. ಸ್ವರವನ್ನು ನಿರ್ಧರಿಸುವ ಮೆಟ್ಟಿಲಿಗೆ ತಾಗುವಂತೆ, ಆದರೆ ಅದನ್ನು ಏರದಂತೆ, ಬೆರಳನ್ನಿಟ್ಟರೆ ಬಹುಪಾಲು ಬಲ ಅಲ್ಲಿಯೇ ನೆಲೆಸುವುದು. ಅಲ್ಪ ಒತ್ತಡಕ್ಕೇ ಗರಗರ ಅಡಗುವುದು.

ಬೆರಳಿನ ಒಳಮೈ ಮೆತ್ತಗಿದ್ದು ಗೆಣ್ಣುಗಳಲ್ಲಿ ಗೆರೆಬಿದ್ದಿರುವುದರಿಂದ, ಅದನ್ನು ಹೆಬ್ಬೆರಳಿನ ಪಕ್ಕಕ್ಕೆ ತುಸು ಹೊರಳಿಸಿ ಎಲುಬಿನ ಅಂಚಿನಿಂದ ಒತ್ತಬೇಕು. ಇನ್ನೊಂದು ಮಾತನ್ನು ಅನೇಕರು ಗಮನಿಸುವುದಿಲ್ಲ. ‘ಎಫ್’ ಮೇಳದಲ್ಲಿ ಮೂರು ತಂತಿಗಳನ್ನು ಉಳಿದ ಬೆರಳುಗಳೇ ಒತ್ತಿರುತ್ತವೆ. ತೋರುಬೆರಳಿನ ಪಾಲಿಗೆ ಬರುವುವು ಒಂದು, ಎರಡು ಮತ್ತು ಆರನೆಯ ತಂತಿಗಳು ಮಾತ್ರ. ಉಳಿದವುಗಳೊಡನೆ ಹೆಣಗುವುದು ವ್ಯರ್ಥ ಶ್ರಮ!

ಹೆಬ್ಬೆರಳಿನಿಂದ ಇಕ್ಕಳದಂತೆ ಹಿಸುಕುವುದೂ ಅನಗತ್ಯ. ಬಲ ಮುಂಗೈಯಿಂದ ವಾದ್ಯದ ಒಡಲನ್ನು ಎದೆಗೆ ಒತ್ತಿದರೆ ಕುತ್ತಿಗೆಯು ಮುಂದಕ್ಕೆ ತಿರುಗಲೆಳಸುವುದು. ಎಡತೋಳಿನ ಭಾರದಿಂದ ಅದನ್ನು ಹಿಂದಕ್ಕೆ ಸೆಳೆದರಾಯಿತು. ಹೆಬ್ಬೆರಳನ್ನು ತೆಗೆದು ನುಡಿಸಿ ನೋಡಿರಿ, ಸಂಶಯ ನಿವಾರಣೆಯಾಗುವುದು.

ಕೆಲವೊಮ್ಮೆ ತಪ್ಪು ವಾದ್ಯದ್ದೇ. ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ, ಮೊದಲನೆಯ ಮೆಟ್ಟಿಲಿನ ಮೇಲಿನ ಅಂತರವನ್ನು ನೋಡಿರಿ. ಅದು ಕೂದಲೆಳೆಗಿಂತ ಬಹಳ ಹೆಚ್ಚಾಗಿದ್ದರೆ ತುದಿಯ ಪಟ್ಟಿಯ ಗಾಡಿಗಳನ್ನು ಬಲ್ಲವರಿಂದ ಆಳಮಾಡಿಸಬೇಕು. ಅಲ್ಲಿಯವರೆಗೆ ಐದನೆಯ ಮೆಟ್ಟಿಲಿನಲ್ಲಿ ಅಭ್ಯಾಸ ಮಾಡಬಹುದು. ತುದಿಯ ಪಟ್ಟಿಯಿಂದ ದೂರವಾದಷ್ಟೂ ತಂತಿ ಸುಲಭವಾಗಿ ಬಾಗುವುದು. ತಂತಿಗಳನ್ನು ಸಡಿಲಿಸುವುದೂ ಒಂದು ಉಪಾಯ. ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮದಂತೆ ತಂತಿಯ ಬಿಗಿತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದು. ಆದುದರಿಂದ ಶ್ರುತಿಯನ್ನು ಎರಡು ಅರ್ಧಸ್ವರಗಳಷ್ಟು ಇಳಿಸಿದರೆ ಬಿಗಿತವು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗುವುದು.