ಮೊದಲ ನಾನೂರು ಮೀಟರು

ಈಚೆಗೆ ಒಂದು ಭಾನುವಾರ ಸಂಜೆ ವಿಜಯವಾಡದ ಗವರ್ನರಪೇಟೆಯ ಹೋಟೆಲೊಂದರಲ್ಲಿ ನಾವು ಕಾಫಿಗೆಂದು ಕುಳಿತಿದ್ದೆವು. ಪಕ್ಕದ ಮೇಜಿನ ಸುತ್ತ ನಮ್ಮ ಕನ್ನಡಿಗರೇ ನಾಲ್ಕೈದು ಮಂದಿ ಒಂದು ಮೊಬೈಲಿನ ಮೇಲೆ ಬಾಗಿ ದೂರದೂರಿನ ಕುದುರೆ ಪಂದ್ಯವೊಂದನ್ನು ನೋಡುತ್ತಿದ್ದರು. ಬಹುಜನರ ಭರವಸೆಯ ಕುದುರೆ ಕೊನೆಯ ನೂರು ಮೀಟರಿನಲ್ಲಿ ಬಿರುಗಾಳಿಯಂತೆ ಬಂದರೂ ಮುಂದಿನದನ್ನು ಮುಟ್ಟಲಾರದೆ ಎರಡನೆಯದಾಯಿತು. "ಹಿಡಿದುಬಿಟ್ಟ ಕಣ್ರಯ್ಯಾ, ಬೇಕೆಂತಲೇ ಹಿಡಿದುಬಿಟ್ಟ!" ಎಂದು ಹಿರಿಯರೊಬ್ಬರು ಮೇಜು ಗುದ್ದಿದರು. ಸವಾರನು ದುಡ್ಡು ತಿಂದನೆಂಬಲ್ಲಿಗೆ ಮಾತು ಮುಟ್ಟಲು ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಆರೋಪವೇನೂ ಸಣ್ಣದಲ್ಲ. ಕುದುರೆಗೆ ಗೆಲ್ಲುವ ಪೂರ್ಣ ಅವಕಾಶವನ್ನು ಕೊಡತಕ್ಕದ್ದೆಂಬುದು ಪಂದ್ಯದ ಕಟ್ಟಳೆ. ಅದನ್ನು ಮುರಿದನೆಂದು ಸ್ಟುವರ್ಡರಿಗೆ ಕಂಡುಬಂದರೆ ಸವಾರನ ಅನ್ನಕ್ಕೇ ಸಂಚಕಾರ. ವಿಜಯವಾಡದಲ್ಲಾಗಲಿ ವಿಶಾಖಪಟ್ಟಣದಲ್ಲಾಗಲಿ ಪಂದ್ಯ ನಡೆಸುವ ಟರ್ಫ್ ಕ್ಲಬ್ ಇಲ್ಲ. ಹೈದರಾಬಾದಿನ ಮಲಕಪೇಟೆಯ ಮೈದಾನ 2014ರ ರಾಜ್ಯವಿಭಜನೆಯಲ್ಲಿ ತೆಲಂಗಾಣಕ್ಕೆ ಸೇರಿತು. ಬೆಂಗಳೂರು, ಮೈಸೂರುಗಳಂತೂ ಬಿಟ್ಟುಬಂದ ಊರುಗಳು. ಆದುದರಿಂದ ನಮ್ಮವರು ಪಂದ್ಯವನ್ನು ಅಂಗೈಯಗಲದ ಪರದೆಯಲ್ಲಿ ನೋಡುವವರೇ ಹೆಚ್ಚು. ಅದರಲ್ಲಿಯೂ ಕಣ್ಣು ನೆಡುವುದು ಕೊನೆಯ ಘಳಿಗೆಯ ಮೇಲೆ. ಆದರೆ ಸವಾರನು ತನ್ನ ಮುಖ್ಯ ನಿರ್ಣಯವನ್ನು ಮಾಡಿ ಮುಗಿಸಿರುವುದು ಬಾಗಿಲು ತೆರೆದು ಕುದುರೆಗಳು ಹಾರಿದ ಮೊದಲ ನಾನೂರು ಮೀಟರಿನೊಳಗೆ.

ಕಾರಣ ಸುಲಭವಾಗಿದೆ. ನಾಗಾಲೋಟದಲ್ಲಿರುವ ಕುದುರೆ ಹೆಜ್ಜೆಯ ಒಂದು ಸುತ್ತಿಗೆ ಒಂದೇ ಉಸಿರು ತೆಗೆಯುತ್ತದೆ. ಓಟದ ತಾಳಕ್ಕೆ ಉಸಿರು ಕಟ್ಟುಬಿದ್ದಿದೆ. ಆರಂಭದಲ್ಲಿಯೇ ಅತಿಯಾಗಿ ಓಡಿಸಿದರೆ ಉಸಿರಿಗೆ ಮೀರಿದ ಶಕ್ತಿ ಸ್ನಾಯುಗಳಲ್ಲಿ ಸಾಲವಾಗಿ ಖರ್ಚಾಗುತ್ತದೆ, ಆ ಸಾಲ ನೇರ ಹಾದಿಯಲ್ಲಿ ವಸೂಲಿಗೆ ಬಂದು ನಿಲ್ಲುತ್ತದೆ. ಹಾಗೆಂದು ಹಿಂದೆ ಉಳಿದರೆ ಬೇರೆ ತೊಂದರೆ. ಬೇರೊಂದು ಕುದುರೆಯ ಮರೆಯಲ್ಲಿ ಓಡಿದರೆ ಗಾಳಿಯ ತಡೆ ಕಡಮೆಯೆಂಬುದು ನಿಜವಾದರೂ, ಮುಂದಿರುವವರು ಗೋಡೆಯಂತೆ ನಿಂತರೆ ಸುತ್ತಿ ಹೊರಗಿನಿಂದ ಬರಬೇಕಾಗುತ್ತದೆ. ಅರ್ಧವೃತ್ತದ ತಿರುವಿನಲ್ಲಿ ಒಂದು ಮೀಟರು ಹೊರಗೆ ಓಡಿದ ಕುದುರೆಗೆ ಮೂರು ಮೀಟರಿಗೂ ಹೆಚ್ಚು ದಾರಿ ಅಧಿಕವಾಗುತ್ತದೆ. ಅಂದರೆ ಒಂದು ಕುದುರೆಯುದ್ದಕ್ಕಿಂತ ಮಿಗಿಲಾದ ನಷ್ಟ! ದೊಡ್ಡ ಪಂದ್ಯಗಳು ಮೂಗಿನಷ್ಟು ಅಂತರದಲ್ಲಿ ತೀರ್ಮಾನವಾಗುವುದುಂಟು.

ಒಂದೇ ಮೈದಾನದ ಎರಡು ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ನ್ಯೂಯಾರ್ಕಿನ ಬೆಲ್‌ಮಾಂಟ್ ಪಂದ್ಯದ ದೂರ ಆಗ 12 ಫರ್ಲಾಂಗ್ ಇದ್ದಿತು. 1973ರಲ್ಲಿ ಸೆಕ್ರೆಟೇರಿಯಟ್ ಮತ್ತು ಶಾಮ್ ಎಂಬ ಎರಡು ಕುದುರೆಗಳು ಮೊದಲಿನಿಂದಲೇ ಪೈಪೋಟಿಗೆ ಬಿದ್ದುವು. ಮೊದಲ ಆರು ಫರ್ಲಾಂಗಿಗೆ ಹಿಡಿದುದು 70 ಸೆಕೆಂಡಿಗೂ ಒಂದಿಷ್ಟು ಕಡಮೆ. ಇಷ್ಟು ದೀರ್ಘವಾದ ಪಂದ್ಯಕ್ಕೆ ಇದು ಆತ್ಮಹತ್ಯೆಯ ವೇಗವೆಂದು ಬಲ್ಲವರು ಬೆಚ್ಚಿದರು. ಶಾಮ್‌ನ ಪಾಲಿಗೆ ಅದು ಹಾಗೆಯೇ ಆಯಿತು. ಐದು ಕುದುರೆಗಳಲ್ಲಿ ಕೊನೆಯದಾಗಿ ಬಂದಿತು. ಸೆಕ್ರೆಟೇರಿಯಟ್ ಮಾತ್ರ 31 ಕುದುರೆಯುದ್ದಗಳಿಂದ ಗೆದ್ದಿತು. ಅಂಥ ಕುದುರೆಗೆ ಯಾವ ಲೆಕ್ಕವೂ ಹಿಡಿಸದು. ನಮ್ಮ ದೇಶದಲ್ಲಿ ಬೆಂಗಳೂರಿನ ತರಬೇತುದಾರ ರಶೀದ್ ಬೈರಾಮ್‌ಜಿಯವರ ಸ್ಕ್ವಾಂಡರರ್ 19 ಓಟಗಳಲ್ಲಿ 18ನ್ನು ಗೆದ್ದುದೂ ಇದೇ ಜಾತಿಯ ಮಾತು.

ಐದು ವರ್ಷಗಳ ತರುವಾಯ, 1978ರಲ್ಲಿ, ಅದೇ ಮೈದಾನದಲ್ಲಿ 18 ವರ್ಷದ ಹುಡುಗ ಸ್ಟೀವ್ ಕಾಥೆನ್ ಅಫರ್ಮ್ಡ್ ಎಂಬ ಕುದುರೆಯನ್ನು ಮುಂದಕ್ಕೆ ಕೊಂಡೊಯ್ದು, ಯಾರೂ ಮುಂದೆ ಹಾಯದಿರುವುದನ್ನು ನೋಡಿ, ವೇಗವನ್ನು ಮೆಲ್ಲನೆ ಇಳಿಸಿದನು. ಆರು ಫರ್ಲಾಂಗಿಗೆ 74 ಸೆಕೆಂಡು. ಹೀಗೆ ಉಳಿಸಿಟ್ಟ ಶಕ್ತಿಯಿಂದಲೇ ಬೆನ್ನಟ್ಟಿ ಬಂದ ಆಲಿಡಾರನ್ನು ಬರಿಯ ತಲೆಯಷ್ಟು ಅಂತರದಲ್ಲಿ ತಡೆದನು. ಗಡಿಯಾರವನ್ನು ತಲೆಯೊಳಗೆ ಇಟ್ಟುಕೊಂಡ ಸವಾರಿಯೆಂದರೆ ಇದೇ. ಬರಿಯ ಚಾಟಿಯ ಬಲದಿಂದ ಈ ವಿದ್ಯೆ ಬರುವುದಿಲ್ಲ.

ಮುಂದೆ ಹೋದವನನ್ನು ಉಳಿದವರು ಅಸಡ್ಡೆ ಮಾಡಿದರೆ ಏನಾದೀತೆಂಬುದಕ್ಕೆ 2020ರ ಎಪ್ಸಮ್ ಡರ್ಬಿ ಸಾಕ್ಷಿ. ಎಮೆಟ್ ಮೆಕ್‌ನಮಾರಾ ಸರ್ಪೆಂಟೈನ್ ಕುದುರೆಯ ಮೇಲೆ ಬಹುದೂರ ಮುಂದಾದಾಗ ಇದು ದಣಿದು ಬೀಳುವುದೆಂದು ಹಿಂದಿನವರೆಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ಉಳಿದರು. ಅದು ಬೀಳಲಿಲ್ಲ, ಐದೂವರೆ ಉದ್ದಗಳಿಂದ ಗೆದ್ದಿತು. ಇದಕ್ಕೆ ತದ್ವಿರುದ್ಧವಾಗಿ 2022ರ ಕೆಂಟಕಿ ಡರ್ಬಿಯ ಮೊದಲ ಎರಡು ಫರ್ಲಾಂಗುಗಳು 22 ಸೆಕೆಂಡಿನೊಳಗೆ ಮುಗಿದುವು. ಮುಂದಿದ್ದವರು ಸುಸ್ತಾದರು. ಹಿಂದಿನ ದಿನವಷ್ಟೇ ಪಟ್ಟಿಗೆ ಸೇರಿದ್ದ, ಒಂದಕ್ಕೆ ಎಂಬತ್ತರ ಬೆಲೆಯ ರಿಚ್ ಸ್ಟ್ರೈಕ್ ಹಿಂದಿನ ಸಾಲಿನಿಂದ ಒಳಹಾದಿ ಹಿಡಿದು ಬಂದು ಗೆದ್ದಿತು.

ಈ ಬುದ್ಧಿಯನ್ನು ನಮ್ಮ ನ್ಯಾಯಾಲಯವೂ ಕಂಡುಕೊಂಡಿದೆ. ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವು ಕೇವಲ ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ತೀರ್ಪಿತ್ತಿತು. (ತೀರ್ಪನ್ನು ತೋರಿಸಿ ತಿಂಗಳ ಸಂಬಳವನ್ನು ಪಣಕ್ಕೊಡ್ಡಿದ ಮಹನೀಯರನ್ನೂ ನಾವು ಬಲ್ಲೆವು. ಕೌಶಲ ಸವಾರನದು, ಜೇಬು ಇವರದು.)

ಇರಲಿ. ಆ ಸಂಜೆ ನಾವು ಸಂಕೋಚ ಬಿಟ್ಟು ಪಕ್ಕದ ಮೇಜಿಗೆ ಹೋಗಿ, ಪಂದ್ಯವನ್ನು ಮೊದಲಿನಿಂದ ಇನ್ನೊಮ್ಮೆ ತೋರಿಸಿರೆಂದು ಕೇಳಿಕೊಂಡೆವು. ಈ ಸಲ ಎಲ್ಲರೂ ಮುಂದಿದ್ದ ಕುದುರೆಯನ್ನೇ ನೋಡಿದರು. ಮುಂದಾಳು ಯಾರ ಕಾಟವೂ ಇಲ್ಲದೆ, ಪೇಟೆಬೀದಿಯಲ್ಲಿ ಮೆರವಣಿಗೆ ಹೊರಟವನಂತೆ ನಿಧಾನವಾಗಿ ಸಾಗಿದ್ದನು. ಭರವಸೆಯ ಕುದುರೆ ಎಂಟನೆಯ ಸ್ಥಾನದಲ್ಲಿ, ಎದುರಿಗೂ ಪಕ್ಕಕ್ಕೂ ಕುದುರೆಗಳ ನಡುವೆ ಸಿಕ್ಕಿಬಿದ್ದಿತ್ತು. ತಿರುವು ಕಳೆದು ದಾರಿ ಬಿಟ್ಟ ಮೇಲೆ ಸವಾರನು ಮಾಡಬಹುದಾದುದನ್ನೆಲ್ಲ ಮಾಡಿದ್ದನು.

ಹಿರಿಯರು ಕನ್ನಡಕ ತೆಗೆದು ಒರಸಿಕೊಂಡರು. "ಆಗಲಿ ಸ್ವಾಮಿ, ದುಡ್ಡು ತಿಂದಿಲ್ಲ ಅನ್ನೋಣ. ಆದರೆ ಮುಂದಿನವನು ಅಷ್ಟು ನಿಧಾನವಾಗಿ ಹೋಗುತ್ತಿರುವಾಗ ಇವನು ಅಷ್ಟು ಹಿಂದೆ ಯಾಕೆ ಕೂತ?" ಎಂದರು.

ಈ ಪ್ರಶ್ನೆ ನ್ಯಾಯವಾದುದೆಂದು ನಾವೂ ಒಪ್ಪಿಕೊಂಡೆವು. ಅಷ್ಟರಲ್ಲಿ ಎರಡನೆಯ ಸಲದ ಕಾಫಿ ಬಂದಿತು.